ಗೂಡಿಗೆ ಚಿಲಕ ಇತ್ತು, ಹಿತ್ತಲ ಬಾಗಿಲಿಗೆ ಇರಲಿಲ್ಲ

ಉಳ್ಳಾಲ ಕಡೆಯಿಂದ ಬಂದು ಭಟ್ಕಳದ ಹೆಬಳೆಯಲ್ಲಿ ನೆಲೆಸಿರುವ ನಮ್ಮ ಮನೆಗೆ ಊರಿನಿಂದ ಫೋನ್ ಬಂದರೆ ಮೊದಲು ಮಕ್ಕಳ ಸುದ್ದಿ, ಆಮೇಲೆ ಹಕ್ಕಿಗಳ ಸುದ್ದಿ. ನಮ್ಮ ಓಣಿಯಲ್ಲೇ ಐದಾರು ಮನೆಗಳಲ್ಲಿ ಗೂಡು ತೂಗುತ್ತಿದೆ. ಕೆಲವರ ಮನೆಯಲ್ಲಿ ಲವ್ ಬರ್ಡ್ಸ್, ಕೆಲವರಲ್ಲಿ ಫಿಂಚ್, ನಮ್ಮಲ್ಲಿ ಒಂದು ಜೋಡಿ ಕಾಕಟೀಲ್. ಅಂಗಡಿಯವರು ಅದನ್ನು ‘ಕಾಕ್‌ಟೇಲ್’ ಅಂತಲೇ ಮಾರುತ್ತಾರೆ, ಪಾಪ ಹಕ್ಕಿಗೆ ಆ ಶರಬತ್ತಿನ ಹೆಸರು!

ಕಳೆದ ಚೆರಿಯ ಪೆರ್ನಾಲ್ ದಿನ ಆ ಜೋಡಿಯ ಗಂಡು ಹಕ್ಕಿ ಹಾರಿಹೋಯಿತು. ಗೂಡಿನ ಬಾಗಿಲಿಗೆ ಚಿಲಕ ಇತ್ತು, ಅದರ ಮೇಲೆ ಒಂದು ಕ್ಲಿಪ್ಪೂ ಇತ್ತು. ಆದರೆ ಹಕ್ಕಿ ಆ ಹೊತ್ತಿಗೆ ಗೂಡಿನಲ್ಲಿ ಇರಲೇ ಇಲ್ಲ, ಮಗಳ ಹೆಗಲ ಮೇಲಿತ್ತು. ನಮಾಜ್ ಮುಗಿಸಿ ಬಂದವರು, ಅವರ ಹಿಂದೆ ನೆಂಟರು, ನೆಂಟರ ಹಿಂದೆ ಮಕ್ಕಳು. ಮುಂಬಾಗಿಲಿಗೆ ಪರದೆ ಇತ್ತು. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ಬಾಗಿಲು ಮಾತ್ರ ಬಿರಿಯಾನಿ ಪಾತ್ರೆ ಒಳಗೆ ಹೊರಗೆ ಹೋಗಿ ಬರಲಿ ಅಂತ ಪೂರ್ತಿ ತೆರೆದಿತ್ತು. ಯಾವನೋ ಹುಡುಗ ಬಲೂನ್ ಒಡೆದ. ಹಕ್ಕಿ ಒಂದೇ ಜಿಗಿತಕ್ಕೆ ಹಜಾರ ದಾಟಿ, ಅಡುಗೆಮನೆ ದಾಟಿ, ತೆಂಗಿನ ಮರದ ತುದಿಯಲ್ಲಿತ್ತು.

‘ಅದರ ರೆಕ್ಕೆ ಕತ್ತರಿಸಿದೆ, ಎಲ್ಲೂ ಹೋಗಲ್ಲ’ ಅಂತ ತಂದ ದಿನ ಅಂಗಡಿಯಲ್ಲಿ ಹೇಳಿದ್ದರು. ಆ ಮಾತನ್ನು ನಾವು ಎರಡು ವರ್ಷ ನಂಬಿಕೊಂಡು ಕೂತಿದ್ದೆವು. ಕತ್ತರಿಸಿದ ಗರಿ ಉಗುರಿನ ಹಾಗೆ ಬೆಳೆಯುವುದಿಲ್ಲ ನಿಜ, ಆದರೆ ಹಕ್ಕಿ ಗರಿ ಉದುರಿಸುವ ಕಾಲದಲ್ಲಿ ಹಳೆಯದು ಬಿದ್ದು ಪೂರ್ತಿ ಹೊಸ ಗರಿ ಬರುತ್ತದೆ. ನಾವು ಗಮನಿಸಿಯೇ ಇರಲಿಲ್ಲ. ಗರಿ ಕತ್ತರಿಸಿದ್ದರೂ ಕಡಲ ಗಾಳಿ ಬೀಸುವ ಹೆಬಳೆಯಂಥ ಊರಿನಲ್ಲಿ ನೂರು ಗ್ರಾಂ ತೂಗದ ಹಕ್ಕಿಯನ್ನು ಎತ್ತಿಕೊಂಡು ಹೋಗಲು ಒಂದು ಗಾಳಿ ಸಾಕು. ಹೀಗೆ ಅರ್ಧ ಹಾರುವ ಹಕ್ಕಿ ಪೂರ್ತಿ ಹಾರುವ ಹಕ್ಕಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಹೊರಗೆ ಹೋಗುವಷ್ಟು ಶಕ್ತಿ ಇರುತ್ತದೆ, ಕಾಗೆಯಿಂದ ತಪ್ಪಿಸಿಕೊಳ್ಳುವಷ್ಟು ಇರುವುದಿಲ್ಲ.

‘ಹೋಗಲಿ ಬಿಡಿ, ಒಂದು ಜೀವಕ್ಕೆ ಬಿಡುಗಡೆ ಸಿಕ್ಕಿತಲ್ಲಾ, ಪುಣ್ಯ ಬಂತು’ ಎಂದರು ನೆಂಟರೊಬ್ಬರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಈ ಮಾತು ನಮ್ಮಲ್ಲಿ ಬಹಳ ಮನೆಗಳಲ್ಲಿ ಓಡಾಡುತ್ತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಲವ್ ಬರ್ಡ್ಸ್ ಅನ್ನುವ ಬಜರಿಗರ್ ಮತ್ತು ಕಾಕಟೀಲ್ ಎರಡೂ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿಗಳು. ಅಸಲಿ ಲವ್ ಬರ್ಡ್ ಆಫ್ರಿಕಾದ್ದು. ಅಲ್ಲಿ ಅವು ಗುಂಪಿನಲ್ಲಿ ಬದುಕುತ್ತವೆ, ನೀರು ಎಲ್ಲಿದೆ ಅಂತ ಗುಂಪಿಗೆ ಗೊತ್ತಿರುತ್ತದೆ. ನಮ್ಮ ಮನೆಯ ಹಕ್ಕಿ ಯಾರದೋ ಗೂಡಿನಲ್ಲಿ ಹುಟ್ಟಿ, ಬಟ್ಟಲಿನ ನವಣೆ ತಿಂದು ಬೆಳೆದದ್ದು. ಅದಕ್ಕೆ ಕಾಗೆ ಅಂದರೆ ಏನು, ಗಿಡುಗ ಅಂದರೆ ಏನು ಗೊತ್ತಿಲ್ಲ. ಕರಾವಳಿಯ ಜೂನ್ ತಿಂಗಳ ಮಳೆಯಂತೂ ಗೊತ್ತೇ ಇಲ್ಲ.

ದುಬೈಯಲ್ಲಿರುವ ನಮ್ಮವರು ಇದಕ್ಕೆ ಉಲ್ಟಾ ಉದಾಹರಣೆ ಕೊಡಬಹುದು. ಅಲ್ಲಿನ ಪಾರ್ಕುಗಳಲ್ಲಿ ನಮ್ಮ ಊರಿನದೇ ಹಸಿರು ಗಿಳಿಗಳು ಹಿಂಡು ಹಿಂಡಾಗಿವೆ. ಲಂಡನ್ನಿನಲ್ಲೂ ಇವೆ. ಅವೂ ಸಾಕಿದವರಿಂದ ತಪ್ಪಿಸಿಕೊಂಡ, ಬಿಟ್ಟ ಗಿಳಿಗಳ ಸಂತಾನವೇ. ಹೌದು, ಆದರೆ ಅದು ಗಟ್ಟಿ ಗಿಳಿ, ಯಾವ ಊರಿಗೂ ಹೊಂದಿಕೊಳ್ಳುವ ಜಾತಿ. ಹೆಬಳೆಯ ತೆಂಗಿನ ತೋಟದಲ್ಲಿ ಒಂಟಿಯಾಗಿ ಬಿದ್ದ ಕಾಕಟೀಲಿಗೆ ಆ ಅದೃಷ್ಟ ಇರುವುದಿಲ್ಲ.

ಆ ಹಸಿರು ಗಿಳಿಯ ಮಾತು ಬಂದದ್ದರಿಂದ ಇಷ್ಟು ಹೇಳಿಬಿಡುತ್ತೇವೆ. ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ‘ಮಾತು ಕಲಿಯುತ್ತೆ’ ಅಂತ ಯಾರಾದರೂ ಮರಿ ತಂದುಕೊಟ್ಟರೂ ಬೇಡ ಅನ್ನಿ. ಆಫ್ರಿಕನ್ ಗ್ರೇಯಂಥ ದುಬಾರಿ ವಿದೇಶಿ ಗಿಳಿ ಇದ್ದವರು 2024ರ ನಿಯಮದಂತೆ ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಹಕ್ಕಿ ತೆಂಗಿನ ಮರ ಏರಿದಾಗ ನಾವು ಮಾಡಿದ್ದೆಲ್ಲ ತಪ್ಪು. ಹತ್ತು ಮಂದಿ ಅಂಗಳಕ್ಕೆ ಓಡಿದೆವು. ಒಬ್ಬರು ಕೋಲು ತಂದರು, ಒಬ್ಬರು ಚಪ್ಪಾಳೆ ತಟ್ಟಿದರು, ಹುಡುಗರು ಕಲ್ಲು ಎಸೆದು ಕಾಗೆ ಓಡಿಸಲು ನೋಡಿದರು. ಹಕ್ಕಿ ಹೆದರಿ ಇನ್ನೂ ಮೇಲೆ, ಇನ್ನೂ ದೂರ ಹೋಯಿತು. ಮನೆಯೊಳಗೆ ಬೆಳೆದ ಹಕ್ಕಿಗೆ ಹಾರುವುದು ಗೊತ್ತು, ಎತ್ತರದಿಂದ ನೇರ ಕೆಳಗೆ ಇಳಿಯುವುದು ಗೊತ್ತಿರುವುದಿಲ್ಲ. ಅದು ಬರಲಾರದೆ ಕೂತಿರುತ್ತದೆ, ನಾವು ಬರಲಿಲ್ಲ ಅಂದುಕೊಳ್ಳುತ್ತೇವೆ.

ದಾರಿ ತೋರಿಸಿದ್ದು ಪಕ್ಕದ ಮನೆಯ ನವಾಯತ ಹಿರಿಯರು. ಅವರು ಹಿಂದೆ ಪಾರಿವಾಳ ಸಾಕಿದವರು. ‘ಎಲ್ಲರೂ ಒಳಗೆ ಹೋಗಿ, ಒಬ್ಬರು ಮಾತ್ರ ಕಣ್ಣಿಡಿ’ ಅಂದರು. ಮಗಳು ಒಬ್ಬಳೇ ನಿಂತಳು. ಅಸರ್ ಹೊತ್ತಿಗೆ ಹಕ್ಕಿ ಎರಡು ಮನೆ ಆಚೆಯ ಹಲಸಿನ ಮರಕ್ಕೆ ಬಂತು. ಮಗ್ರಿಬ್ ಬಾಂಗ್ ಆಗುವಾಗ ಸದ್ದು ನಿಲ್ಲಿಸಿತು. ಕತ್ತಲಾದ ಮೇಲೆ ಹಕ್ಕಿ ಹಾರುವುದಿಲ್ಲ, ಕೂತಲ್ಲೇ ಕೂರುತ್ತದೆ. ಯಾವ ಕೊಂಬೆ ಅಂತ ಗುರುತಿಟ್ಟುಕೊಂಡು ಒಳಗೆ ಬಂದೆವು. ಅವಳು ರಾತ್ರಿ ಊಟ ಮಾಡಲಿಲ್ಲ. ಹೊಸ ಬಟ್ಟೆಯಲ್ಲೇ ಮಲಗಿದಳು.

‘ಒಂದು ಹಕ್ಕಿಗೆ ಇಷ್ಟು ಅಳುವುದಾ’ ಅಂದವರಿಗೆ ಉಮ್ಮ ಉತ್ತರ ಕೊಟ್ಟರು. ಮದ್ರಸದಲ್ಲಿ ಎಲ್ಲರೂ ಕಲಿತದ್ದೇ: ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಸಾಕುಹಕ್ಕಿ ಸತ್ತಾಗ ಪ್ರವಾದಿಯವರು (ಸ) ಅವನನ್ನು ಮಾತಾಡಿಸಿ, ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದ್ದರು. ಬುಖಾರಿ, ಮುಸ್ಲಿಂ ಎರಡು ಗ್ರಂಥಗಳಲ್ಲೂ ಇದೆ. ಅಂದವರು ಸುಮ್ಮನಾದರು.

ಸುಬಹಿ ಮುಗಿಸಿ ಹೆಣ್ಣು ಹಕ್ಕಿಯ ಗೂಡನ್ನು ತಾರಸಿಗೆ ಒಯ್ದೆವು. ಪಕ್ಕದಲ್ಲಿ ಒಂದು ತಟ್ಟೆ ನವಣೆ, ಅದೇ ಹಳೇ ನೀರಿನ ಬಟ್ಟಲು. ಮುಂಜಾನೆ ಹಸಿದ ಹಕ್ಕಿ ಕೂಗುತ್ತದೆ, ಜೊತೆಗಾರ ಕೂಗಿದರೆ ಉತ್ತರ ಕೊಡುತ್ತದೆ. ಹೆಣ್ಣು ಕೂಗಿತು. ಹಲಸಿನ ಮರದಿಂದ ಸೀಟಿ ಬಂತು. ಆಮೇಲೆ ಏಳೂವರೆ ತನಕ ಮರದಿಂದ ಮರಕ್ಕೆ, ಮರದಿಂದ ಪಕ್ಕದವರ ಹಂಚಿಗೆ, ಹಂಚಿನಿಂದ ನಮ್ಮ ಕಟ್ಟೆಗೆ. ಕೊನೆಗೆ ಗೂಡಿನ ಮೇಲೆ ಕೂತಿತು. ಹಿಡಿಯಲು ಹೋಗಬಾರದು ಅಂತ ಹಿರಿಯರು ಮೊದಲೇ ಹೇಳಿದ್ದರು. ಮಗಳು ದಿನಾ ಮಾಡುವ ಹಾಗೆ ಬೆರಳು ಒಡ್ಡಿದಳು, ಹತ್ತಿಕೊಂಡಿತು. ಬಾಲದ ಎರಡು ಗರಿ ಇರಲಿಲ್ಲ, ಕಾಗೆಯ ಕೆಲಸ ಇರಬೇಕು.

ಅದರ ಹಿಂದಿನ ವರ್ಷ ಹೋದ ಹಸಿರು ಬಜರಿಗರ್ ಮಾತ್ರ ಬರಲಿಲ್ಲ. ಅದು ಹೋದದ್ದು ಇನ್ನೂ ಸಣ್ಣ ತಪ್ಪಿನಿಂದ. ಗೂಡಿನ ತಂತಿ ತುಕ್ಕು ಹಿಡಿದು ಕೆಳಗಿನ ಮೂಲೆ ಬಿಟ್ಟುಕೊಂಡಿತ್ತು, ಪಡಸಾಲೆಯಲ್ಲಿ ತೂಗುಹಾಕಿದ್ದೆವು. ಕಡಲ ಪಕ್ಕದ ಊರಿನಲ್ಲಿ ಕಬ್ಬಿಣದ ಗೂಡು ಬೇಗ ಹಾಳಾಗುತ್ತದೆ ಅಂತ ಬಾವಿಕಟ್ಟೆಯ ರಾಟೆ ನೋಡಿ ಬೆಳೆದವರಿಗೆ ಹೇಳಬೇಕಾ? ಆದರೂ ನಮಗೆ ಹೊಳೆದಿರಲಿಲ್ಲ. ಈಗ ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ ಒಂದೊಂದು ಸಲ ಗೂಡಿನ ಪ್ರತಿ ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತೇವೆ. ಮೇಲೆತ್ತುವ ಬಾಗಿಲನ್ನು ಹಕ್ಕಿ ಕೊಕ್ಕಿನಿಂದಲೇ ಎತ್ತಬಲ್ಲದು, ಅದಕ್ಕೆ ಬಟ್ಟೆ ಕ್ಲಿಪ್ ಸಾಕಾಗಲ್ಲ, ಕೀಲಿಕೈ ಗೊಂಚಲಿನ ಹುಕ್ ಹಾಕಿ. ಕಾಳಿನ ಬಟ್ಟಲು ಹೊರತೆಗೆದಾಗ ಉಳಿಯುವ ಕಿಂಡಿ ಮರೆಯಬೇಡಿ, ಬಜರಿಗರ್‌ಗೆ ಅಷ್ಟು ಜಾಗ ಧಾರಾಳ.

ಹಕ್ಕಿಯನ್ನು ಹೊರಬಿಡುವ ಮನೆಯವರಿಗೆ ಗೂಡಿಗಿಂತ ಕೋಣೆ ಮುಖ್ಯ. ಹಂಚಿನ ಮನೆಯಾದರೆ ಗೋಡೆ ಮುಗಿದು ಮಾಡು ಶುರುವಾಗುವ ಸಂದು ಮುಚ್ಚಿದೆಯಾ ನೋಡಿ. ಸೊಳ್ಳೆಗೆ ಹಾಕಿದ ನೈಲಾನ್ ಬಲೆಯನ್ನು ಕಾಕಟೀಲ್ ಅರ್ಧ ಗಂಟೆಯಲ್ಲಿ ಕಚ್ಚಿ ತೂತು ಮಾಡುತ್ತದೆ, ಸ್ಟೀಲ್ ಜಾಲರಿ ಆಗಬೇಕು. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನಿನ ಕಿಂಡಿಯೂ ಒಂದು ಬಾಗಿಲೇ. ನಾವು ಒಳಕೋಣೆಯೊಂದನ್ನೇ ಹಕ್ಕಿಗೆ ಬಿಟ್ಟಿದ್ದೇವೆ. ಅದರಿಂದ ಹೊರಗೆ ಹೋಗಬೇಕಾದರೆ ಎರಡು ಬಾಗಿಲು ದಾಟಬೇಕು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು. ಹೊರಡುವ ಮೊದಲು ಹೆಗಲು, ತಲೆ ಮುಟ್ಟಿ ನೋಡಿಕೊಳ್ಳುವುದು ಈಗ ಉಪ್ಪನಿಗೂ ಅಭ್ಯಾಸವಾಗಿದೆ. ಒಮ್ಮೆ ಅವರು ಟೊಪ್ಪಿಯ ಮೇಲೆ ಹಕ್ಕಿ ಕೂತಿರುವುದು ಗೊತ್ತಿಲ್ಲದೆ ಚಪ್ಪಲಿ ಹಾಕಿಕೊಂಡದ್ದುಂಟು.

ಹಕ್ಕಿಯ ಫೋಟೊ ಮತ್ತು ಕಾಲಿನ ಉಂಗುರದ ನಂಬರ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮ ಹಕ್ಕಿ ಹೋದ ದಿನ ಅಕ್ಕಪಕ್ಕದವರಿಗೆ ಕಳಿಸಲು ಒಂದು ಸರಿಯಾದ ಫೋಟೊ ಇರಲಿಲ್ಲ, ಇದ್ದದ್ದರಲ್ಲೆಲ್ಲ ಮಗಳ ಮುಖವೇ ದೊಡ್ಡದು.

ಆಮೇಲೆ ಬಂದ ಬಲಿಯ ಪೆರ್ನಾಲ್ ದಿನ ಬೆಳಿಗ್ಗೆಯೇ ಗೂಡು ಒಳಕೋಣೆ ಸೇರಿತು. ನೆಂಟರ ಮಕ್ಕಳು ‘ಹಕ್ಕಿ ಎಲ್ಲಿ, ಹಕ್ಕಿ ಎಲ್ಲಿ’ ಅಂತ ಮನೆಯೆಲ್ಲ ಹುಡುಕಿದರು. ಮಗಳು ಬಾಗಿಲ ಮುಂದೆ ಕುರ್ಚಿ ಹಾಕಿ ಕೂತಿದ್ದಳು, ಬಿರಿಯಾನಿ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡಳು.