ಒಂದೇ ನಂಬರಿನ ಎರಡು ಮನೆ

ಮಾರ್ಚ್ ತಿಂಗಳ ಕೊನೆಯ ವಾರ. ಇಂಟರ್ನಲ್ಸ್ ಮುಗಿಸಿ ಎರಡು ದಿನಕ್ಕೆಂದು ಮೈಸೂರಿನಿಂದ ಊರಿಗೆ ಬಂದಿದ್ದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಗಾವಡಗೆರೆಯಲ್ಲಿ ಇಳಿಯುವಷ್ಟರಲ್ಲೇ ಅಪ್ಪನ ಫೋನು. 'ಮಗಾ, ಸೀದಾ ಸೊಸೈಟಿ ತಾವ ಬಾ. ಇಲ್ಲಿ ಕಂಪ್ಯೂಟರ್ ಓಡ್ತಿಲ್ಲ.'

ಸೊಸೈಟಿ ಎಂದರೆ ನಮ್ಮ ಕಡೆಯ ಒಂದು ಸಹಕಾರ ಸಂಘ. ಹೆಸರು ಬೇಡ. ಹೋಗಿ ನೋಡಿದರೆ ಜಗಲಿ ತುಂಬ ಜನ. ಹೊಗೆಸೊಪ್ಪಿನ ಹರಾಜು ಮುಗಿದು ಎಲ್ಲರ ಕೈಗೂ ನಾಲ್ಕು ಕಾಸು ಬಂದಿತ್ತು. ಬೆಳೆಸಾಲ ಕಟ್ಟಲು ಬಂದವರು ಅವರೆಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಮೊದಲು ₹3 ಲಕ್ಷದವರೆಗೆ ಇದ್ದ ಈ ಸೌಲಭ್ಯ 2023ರಲ್ಲಿ ₹5 ಲಕ್ಷಕ್ಕೆ ಏರಿತು. ಗಡುವು ತಪ್ಪಿತೋ, ಬಡ್ಡಿ ಬೀಳುತ್ತದೆ. ಅಪ್ಪನ ಗಡುವು ಮರುದಿನಕ್ಕೆ ಮುಗಿಯುತ್ತಿತ್ತು. ದುಡ್ಡು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿತ್ತು, ರಸೀತಿ ಮಾತ್ರ ಹುಟ್ಟುತ್ತಿರಲಿಲ್ಲ.

'ಏನವ್ವಾ, ನೀನು ಬಿಇ ಅಲ್ವಾ? ಒಸಿ ನೋಡು' ಎಂದರು ಕಾರ್ಯದರ್ಶಿ. ಊರಲ್ಲಿ ಬಿಇ ಓದುವವರ ಗತಿಯೇ ಇಷ್ಟು. ಮಿಕ್ಸಿ ಕೆಟ್ಟರೂ ನಾವೇ, ಟಿವಿ ಕೆಟ್ಟರೂ ನಾವೇ.

ಒಳಗೆ ಮೂರು ಕಂಪ್ಯೂಟರ್‌ಗಳು. ಅವು ಒಂದಕ್ಕೊಂದು ಮಾತಾಡಿಕೊಂಡು ಬಹಳ ವರ್ಷಗಳೇ ಆಗಿದ್ದವು. ಮೂಲೆಯ ದೊಡ್ಡದರಲ್ಲಿ ಲೆಕ್ಕದ ಸಾಫ್ಟ್‌ವೇರ್, ಕೌಂಟರಿನ ಎರಡು ಅದನ್ನು ಕೇಳಿ ರಸೀತಿ ಕೊಡುತ್ತಿದ್ದವು. ನಡುವೆ ಧೂಳು ತಿಂದ ಒಂದು ಹಬ್. ಹೊರಗಿನ ಜಗತ್ತಿನ ನಂಟೇ ಇರಲಿಲ್ಲ. ಆ ವಾರ ಗೋಡೆಗೆ ಹೊಸದೊಂದು ಬಿಳಿ ಡಬ್ಬಿ ಬಂದಿತ್ತು. ಅದೇ ಫೈಬರ್ ಸಂಪರ್ಕ. ಹಳ್ಳಿಯ ಕೃಷಿ ಪತ್ತಿನ ಸಂಘಗಳನ್ನೆಲ್ಲ ಒಂದೇ ಸಾಫ್ಟ್‌ವೇರಿನಡಿ ತಂದು ಮೇಲಿನ ಬ್ಯಾಂಕುಗಳ ಜತೆ ಬೆಸೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜೂನ್‌ನಲ್ಲಿ: 63,000 ಸಂಘಗಳು, ₹2,516 ಕೋಟಿ. 1905ರಲ್ಲಿ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಬೇಕಾಗಿದ್ದದ್ದು ಲೆಕ್ಕದ ಪುಸ್ತಕ ಮತ್ತು ಪರಸ್ಪರ ನಂಬಿಕೆ. ಈಗ ಐಪಿ ಅಡ್ರೆಸ್ಸೂ ಬೇಕು.

ಕೌಂಟರಿನ ಅಕ್ಕ ತೊಂದರೆ ಹೇಳಿದ್ದು ಹೀಗೆ: 'ದೊಡ್ಡ ಕಂಪ್ಯೂಟರ್ ಆನ್ ಮಾಡಿದ್ರೆ ನೆಟ್ ಹೋಗುತ್ತೆ ಕಣೇ. ಆಫ್ ಮಾಡಿದ್ರೆ ನೆಟ್ ಬರುತ್ತೆ, ಆದ್ರೆ ಲೆಕ್ಕ ತೆರೆಯಲ್ಲ. ಎರಡಕ್ಕೂ ಜಾತಕ ಕೂಡಿಬಂದಿಲ್ಲ.' ರಸೀತಿ ಹಳೆಯದರಲ್ಲೂ ಆಗಬೇಕು, ಹೊಸದರಲ್ಲೂ ಏರಬೇಕು. ಹಾಗಾಗಿ ಬೆಳಿಗ್ಗೆಯಿಂದ ಸ್ವಿಚ್ ಆನ್, ಸ್ವಿಚ್ ಆಫ್. ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಪುಟ್ಟ ಸಂದೇಶವೊಂದು ಬಂದು ಬಂದು ಹೋಗುತ್ತಿತ್ತಂತೆ. ಅಕ್ಕ ಇಂಟು ಗುರುತು ಒತ್ತಿ ಮುಚ್ಚುತ್ತಲೇ ಇದ್ದರು. ಇನ್ನೊಮ್ಮೆ ಬಂದಾಗ ತಡೆದು ಓದಿದೆ. 'ಇದೇ ಅಡ್ರೆಸ್ ಇನ್ನೊಬ್ಬರಿಗೂ ಇದೆ' ಎಂಬ ಅರ್ಥದ ಮಾತು.

ನೋಡಿದರೆ ದೊಡ್ಡ ಕಂಪ್ಯೂಟರಿನ ಅಡ್ರೆಸ್ 192.168.1.1. ಗೋಡೆಯ ಡಬ್ಬಿಯದ್ದೂ ಅದೇ! ಬೀದಿಯಲ್ಲಿ ನಿಂತು 'ಸಿದ್ದಣ್ಣಾ' ಎಂದು ಕೂಗಿದರೆ ಇಬ್ಬರು ಸಿದ್ದಣ್ಣಂದಿರು ಓ ಅಂದ ಹಾಗೆ. ನೆಟ್‌ವರ್ಕ್ ಒಳಗೂ ಕೆಲಸ ನಡೆಯುವುದು ಹಾಗೆಯೇ. ಕೌಂಟರಿನ ಕಂಪ್ಯೂಟರ್ 'ಯಾರಿಲ್ಲಿ 192.168.1.1?' ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಉತ್ತರ ಕೊಟ್ಟವರ ಕೈಗೆ ಮಾತು ಒಪ್ಪಿಸುತ್ತದೆ. ಇಬ್ಬರು ಉತ್ತರ ಕೊಟ್ಟರೆ ಲೆಕ್ಕದ ಪ್ರಶ್ನೆ ಡಬ್ಬಿಗೆ, ಇಂಟರ್ನೆಟ್ ಪ್ರಶ್ನೆ ಲೆಕ್ಕದ ಯಂತ್ರಕ್ಕೆ.

ಇದರಲ್ಲಿ ಯಾರ ತಪ್ಪೂ ಇಲ್ಲ. 192.168 ಎಂದು ಶುರುವಾಗುವ ನಂಬರುಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಬಿಟ್ಟುಕೊಟ್ಟಿದ್ದಾರೆ. ಈಗಿನ ಆ ನಿಯಮ ಬಂದದ್ದು 1996ರಲ್ಲಿ. ನಿಮ್ಮ ಮನೆಯ ವೈಫೈ ಡಬ್ಬಿ ತಿರುಗಿಸಿ ನೋಡಿ, ಬಹುಶಃ ಇಂಥದ್ದೇ ನಂಬರ್ ಇರುತ್ತದೆ. ಸೊಸೈಟಿಗೆ ಮೊದಲು ಕಂಪ್ಯೂಟರ್ ಜೋಡಿಸಿದವರು ಸಹಜವಾಗಿಯೇ ಒಂದನೇ ನಂಬರ್ ಹಾಕಿದ್ದರು. ಹೊರಗೆ ಊರೇ ಇಲ್ಲದಾಗ ನಮ್ಮದೇ ಒಂದನೇ ಮನೆ ಅಂದುಕೊಂಡರೆ ಕೇಳುವವರು ಯಾರು?

ಕಾರಣ ಸಿಕ್ಕಿದ ಖುಷಿಗೆ ಎಡವಟ್ಟು ಮಾಡಿದೆ. ಹಳೆಯ ಯಂತ್ರದ ನಂಬರನ್ನು 10 ಎಂದು ಬದಲಿಸಿಬಿಟ್ಟೆ. ನೆಟ್ ಸರಿಹೋಯಿತು. ಆದರೆ ಎರಡೂ ಕೌಂಟರಿನಲ್ಲಿ ಲೆಕ್ಕ ಪೂರ್ತಿ ಬಂದ್! ಅವು ಇಷ್ಟು ವರ್ಷ 1ನೇ ನಂಬರಿನ ಬಾಗಿಲನ್ನೇ ತಟ್ಟಿ ಅಭ್ಯಾಸವಾದವು. ಅದನ್ನು ಬದಲಿಸಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಟ್ಟುಕೊಂಡವರು ಅಂಗಡಿ ಮುಚ್ಚಿ ಕಾಲವಾಗಿತ್ತು. ಜಗಲಿಯಲ್ಲಿ ಗೊಣಗಾಟ ಜೋರಾಯಿತು. 'ಓದೋ ಹುಡುಗಿ ಕೈಗೆ ಕೊಟ್ಟು ಇರೋದನ್ನೂ ಕೆಡಿಸಿದ್ರು' ಎಂದ ದನಿ ನನಗೂ ಕೇಳಿಸಿತು. ಅಪ್ಪ ಮಾತಾಡಲಿಲ್ಲ, ಒಳಜೇಬು ಮುಟ್ಟಿ ನೋಡಿಕೊಂಡರು.

ಹಳೆಯದನ್ನು ಮೊದಲಿನಂತೆಯೇ ಇಟ್ಟೆ. ಆಮೇಲೆ ತಲೆ ಓಡಿತು: ನಿನ್ನೆ ಮೊನ್ನೆ ಬಂದ ಡಬ್ಬಿ ತಾನೇ ಜಾಗ ಬಿಡಬೇಕಾದ್ದು? ಕೇಬಲ್ ಹುಡುಗನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಡಬ್ಬಿಯ ನಂಬರನ್ನು 192.168.1.254 ಮಾಡಿದೆವು. ಡಬ್ಬಿ ಒಮ್ಮೆ ಮಲಗಿ ಎದ್ದಿತು. ಹೊಸ ಸಾಫ್ಟ್‌ವೇರ್ ಇದ್ದ ಕೌಂಟರಿಗೆ 'ಹೊರಹೋಗುವ ಬಾಗಿಲು 254' ಎಂದು ಹೇಳಿಕೊಟ್ಟೆ. ಲೆಕ್ಕ ತೆರೆಯಿತು, ನೆಟ್ಟೂ ಇತ್ತು.

ಇಂಟರ್ನೆಟ್‌ನ ಹುಟ್ಟಿನಲ್ಲೂ ಇಂಥದ್ದೊಂದು ದಿನ ಬಂದಿತ್ತು. ಅಮೆರಿಕದ ಆರ್ಪಾನೆಟ್ 1983ರ ಜನವರಿ 1ರಂದು ತನ್ನ ಹಳೆಯ ಭಾಷೆ ಬಿಟ್ಟು ಇಂದಿಗೂ ನಾವು ಬಳಸುವ ಟಿಸಿಪಿ/ಐಪಿಗೆ ಬದಲಾಯಿತು. ಬದಲಾಗದವರಿಗೆ ಅಂದಿನಿಂದ ಸಂಪರ್ಕ ಇಲ್ಲ. ಕ್ಲಾಸಿನಲ್ಲಿ ಇದನ್ನು ಓದಿದಾಗ ಎಂಥ ಧೈರ್ಯ ಅನಿಸಿತ್ತು. ಮಾರ್ಚ್ ಕೊನೆಯ ವಾರದ ಸೊಸೈಟಿಯಲ್ಲಿ ನಿಂತಾಗ ಅದು ಸಂಶೋಧಕರಿಗೆ ಮಾತ್ರ ಆಗುವ ಮಾತು ಅನಿಸಿತು.

ದೊಡ್ಡ ಕಂಪ್ಯೂಟರಿಗೆ ಮಾತ್ರ ಹೊರಬಾಗಿಲು ಕೊಡಲಿಲ್ಲ. ಆ ಜಾಗ ಖಾಲಿ ಬಿಟ್ಟೆ. 'ಅದಕ್ಕೂ ನೆಟ್ ಹಾಕವ್ವ, ಕಾಸು ಕೊಟ್ಟಿಲ್ವಾ' ಎಂದರು ಕಾರ್ಯದರ್ಶಿ. ಅದರಲ್ಲಿ ಇದ್ದದ್ದು ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಅದರ ಬೆಂಬಲ ನಿಲ್ಲಿಸಿದೆ. ಫೋಲ್ಡರುಗಳು ಪಾಸ್‌ವರ್ಡ್ ಇಲ್ಲದೆ ಹಂಚಿಕೆಯಾಗಿದ್ದವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಪ್ರಪಂಚದ ತುಂಬ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿದ್ದು ವಿಂಡೋಸ್‌ನ ಫೈಲ್ ಹಂಚಿಕೆಯ ಲೋಪವೊಂದರ ಮೂಲಕವೇ. ಊರಿನವರ ಸಾಲದ ಲೆಕ್ಕವೆಲ್ಲ ಆ ಒಂದು ಯಂತ್ರದಲ್ಲಿ. ಹೊರಬಾಗಿಲು ಖಾಲಿ ಬಿಟ್ಟರೆ ಪೂರ್ತಿ ರಕ್ಷಣೆಯೇನೂ ಸಿಗದು; ಅದು ಬೀಗವಲ್ಲ, ಕದಕ್ಕೆ ಒರಗಿಸಿದ ಕುರ್ಚಿ. ಕೌಂಟರಿನ ಕಂಪ್ಯೂಟರಿಗೆ ರೋಗ ಹತ್ತಿದರೆ ಒಳಗಿನ ದಾರಿಯಲ್ಲೇ ಬರಬಹುದು. ಅದಕ್ಕೇ ಪೆನ್‌ಡ್ರೈವಿಗೆ ಲೆಕ್ಕದ ಪ್ರತಿ ತೆಗೆಸಿದೆ.

ಹಬ್‌ನ ವಿಷಯ ನಗು ಬರಿಸುವಂಥದ್ದು. 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ 100 ಎಂಬಿಪಿಎಸ್ ಗುರಿಯಿಟ್ಟು ಫೈಬರ್ ಎಳೆಯಹೊರಟಿತು. ಎಕ್ಸ್‌ಚೇಂಜಿನಿಂದ ಹೊರಟ ಬೆಳಕು ನಡುವೆ ಕರೆಂಟೇ ಬೇಡದೆ 20 ಕಿ.ಮೀ.ವರೆಗೆ ಬರಬಲ್ಲದು, ದಾರಿಯಲ್ಲಿ ಗಾಜಿನ ಕವಲುಗಳಲ್ಲಿ ಹಂಚಿಕೊಳ್ಳುತ್ತದೆ, ಎರಡಾಗಿ ಕವಲೊಡೆದಾಗಲೆಲ್ಲ ಅರ್ಧ ಮಂಕಾಗುತ್ತದೆ. ಹೋಗುವ ಮಾತಿಗೆ ಒಂದು ಬಣ್ಣ, ಬರುವ ಮಾತಿಗೆ ಇನ್ನೊಂದು, ಎರಡೂ ಕಣ್ಣಿಗೆ ಕಾಣದವು. ಇಷ್ಟೆಲ್ಲ ಚಂದಕ್ಕೆ ಗೋಡೆಯವರೆಗೆ ಬಂದ ಅಂಥದ್ದೇ ಬೆಳಕು ಸೊಸೈಟಿಯ ಒಳಗಿನ ಎಂಟು ಮೀಟರ್ ದಾಟಲು 10 ಎಂಬಿಪಿಎಸ್‌ನ ಹಳೇ ಹಬ್ಬಿನಲ್ಲಿ ನುಸುಳಬೇಕು. ಸಾವಿರ ರೂಪಾಯಿಯೊಳಗೆ ಹೊಸ ಸ್ವಿಚ್ ಬರುತ್ತದೆ ಎಂದೆ. 'ಕಮಿಟಿ ಮುಂದೆ ಇಡ್ತೀನಿ' ಎಂದರು. ಡಬ್ಬಿಯ ದೀಪ ಹಸಿರಾದ ಕೂಡಲೇ 'ಸಂಪರ್ಕ ಆಯಿತು' ಎಂದು ಬರೆದುಕೊಂಡು ಹೋಗುತ್ತಾರೇನೋ ಎಂಬುದು ನನ್ನ ಅನುಮಾನ. ಗೋಡೆಯಿಂದ ಕೌಂಟರಿನವರೆಗಿನ ದೂರ ಯಾರ ಲೆಕ್ಕದಲ್ಲಿದೆ?

ಸಂಜೆ ನಾಲ್ಕೂ ಮುಕ್ಕಾಲಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರನೆ ಅಪ್ಪನ ರಸೀತಿ ಹೊರಹಾಕಿತು. ಅಪ್ಪ ಎರಡು ಸಲ ಓದಿ, ದುಡ್ಡಿದ್ದ ಜೇಬಿಗೇ ಅದನ್ನು ಇಟ್ಟುಕೊಂಡರು. ನಾನು ಯಾವ ಯಂತ್ರಕ್ಕೆ ಯಾವ ನಂಬರ್ ಎಂದು ಹಾಳೆಯಲ್ಲಿ ಬರೆದುಕೊಟ್ಟೆ. ಅಕ್ಕ ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ, ಕೆಳಗೆ ಕೆಂಪು ಪೆನ್ನಿನಲ್ಲಿ ತಾವೇ ಒಂದು ಸಾಲು ಸೇರಿಸಿದರು: 'ಮೂಲೇಲಿ ಬರೋದನ್ನ ಓದದೆ ಇಂಟು ಒತ್ತಬೇಡಿ.'