ಕೊನೇ ರೀಲು ಬರೋದೇ ಇಲ್ಲ ಅಂತೀರಾ?

ಸಿನಿಮಾ ಪತ್ರಿಕೆಯಲ್ಲಿ ರಾಜಕಾರಣಿಗಳ ಪುರಾಣ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ಯಾವ ನಟಿ ಯಾರ ಜೊತೆ ಕಾರಿನಲ್ಲಿ ಹೋದಳು ಅನ್ನೋದನ್ನು ಮುಗಿಬಿದ್ದು ಓದುವ ನಾವು, ಮಂತ್ರಿಗಳ ಸಿಡಿ ಬಂದಾಗಲೂ ಅದೇ ಕಣ್ಣಲ್ಲಿ ನೋಡಿದ್ದೇವೆ. ನಮಗದು ಟಿಕೆಟ್ಟಿಲ್ಲದ ಸಿನಿಮಾ! ಅದರಲ್ಲಿ ಫೈಟು ಇದೆ, ಕಣ್ಣೀರಿದೆ, ಇಂಟರ್ವಲ್ಲೂ ಇದೆ. ಕೊನೇ ರೀಲು ಮಾತ್ರ ಇಲ್ಲ ಅನ್ನೋದು ಜನರ ದೂರು.

ಬೇಕಾದರೆ ಪರೀಕ್ಷೆ ಮಾಡಿ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿ. ಅರ್ಧ ಗಂಟೆಯ ದಾರಿ. ಪಕ್ಕದ ಸೀಟಿನವರ ಹತ್ತಿರ ಯಾವ ಪಕ್ಷದ ಯಾವ ಪುಢಾರಿಯ ಹೆಂಗಸಿನ ಗಲಾಟೆಯಾದರೂ ಸರಿ, ಮಾತು ತೆಗೆಯಿರಿ. ಹರಿಹರ ಮುಟ್ಟೋದರೊಳಗೆ ತೀರ್ಪು ಬಂದಿರುತ್ತೆ: ‘ಏನೂ ಆಗಲ್ಲ ಬಿಡ್ರೀ, ಎಲ್ಲಾರೂ ಅಷ್ಟೇ!’

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಾತು ಪೂರ್ತಿ ಸುಳ್ಳು ಅಂತಲ್ಲ. ಆದರೆ ಇದನ್ನು ಕೇಳಿ ಅತ್ಯಂತ ಖುಷಿಪಡುವವರು ಯಾರು ಗೊತ್ತೇ? ತಪ್ಪು ಮಾಡಿದವರೇ! ಎಲ್ಲಾರೂ ಅಷ್ಟೇ ಅಂದಮೇಲೆ ಅವರೊಬ್ಬರನ್ನೇ ಕೇಳೋರು ಯಾರು?

ಬೆಳ್ಳಿತೆರೆಯ ನ್ಯಾಯ

1981ರಲ್ಲಿ ‘ಅಂತ’ ಬಂತು. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಅಂಬರೀಶ್ ದ್ವಿಪಾತ್ರ. 1983ರಲ್ಲಿ ‘ಚಕ್ರವ್ಯೂಹ’. ಅಲ್ಲೂ ಅಂಬರೀಶ್, ಅಲ್ಲೂ ಭ್ರಷ್ಟ ಮಂತ್ರಿಗಳಿಗೆ ಕೊನೆಯಲ್ಲಿ ಗುಂಡು. ಈ ಚಿತ್ರಗಳು ಗೆದ್ದಿದ್ದು ಯಾಕೆ? ಹೊರಗೆ ಆಗದೇ ಇರೋದು ಒಳಗೆ ಪರದೆ ಮೇಲೆ ಆಯಿತಲ್ಲ, ಅದಕ್ಕೆ. ಪ್ರೇಕ್ಷಕ ಎರಡೂವರೆ ಗಂಟೆ ಕೂತು ಸಿಟ್ಟು ಇಳಿಸಿಕೊಂಡು ಮನೆಗೆ ಹೋದ.

ಅಭ್ಯಾಸ ಅಲ್ಲಿಂದ ಕೆಟ್ಟಿತೋ ಏನೋ. ನ್ಯಾಯ ಅಂದರೆ ಹೀರೋ ಬರಬೇಕು, ಒಂದೇ ಏಟಿಗೆ ಮುಗಿಸಬೇಕು ಅಂತ ನಾವು ಕಾಯುತ್ತೇವೆ. ಬರೋದಿಲ್ಲ. ಆಗ ‘ಏನೂ ಆಗಲ್ಲ ಬಿಡ್ರೀ’ ಅಂತೇವೆ. ನಿಜವಾದ ನ್ಯಾಯಕ್ಕೆ ಹೀರೋ ಇರೋದಿಲ್ಲ, ಹಿನ್ನೆಲೆ ಸಂಗೀತವೂ ಇರೋದಿಲ್ಲ. ಅದು ಬಂದಾಗ ಗುರುತೂ ಹಿಡಿಯೋದಿಲ್ಲ ನಾವು. ಅದನ್ನು ಆಮೇಲೆ ಹೇಳ್ತೇನೆ.

ಪಟೇಲರ ನಗು

ಮೊದಲು ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. 1997ರಲ್ಲಿ ದಾವಣಗೆರೆಯನ್ನು ಜಿಲ್ಲೆ ಮಾಡಿದವರು ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಹೆಸರಾದವರು. ಮದ್ಯ, ಮಾನಿನಿ ಎರಡೂ ತಮ್ಮ ದೌರ್ಬಲ್ಯ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ಳುತ್ತಿದ್ದ ಆಸಾಮಿ! ಜನ ನಕ್ಕರು. ಇಂದಿಗೂ ಈ ಕಡೆ ಪಟೇಲರ ಹೆಸರು ತೆಗೆದರೆ ಜನರ ಮುಖದಲ್ಲಿ ನಗು ಅರಳುತ್ತೆ.

ಆ ನಗುವಿನಲ್ಲಿ ತಪ್ಪು ಹುಡುಕೋಕೆ ನಾನು ಹೊರಟಿಲ್ಲ. ಒಬ್ಬ ಮನುಷ್ಯನ ಖಾಸಗಿ ಬದುಕು ಅವನದು, ಇನ್ನೊಂದು ಕಡೆಯ ಒಪ್ಪಿಗೆಯೂ ಇದ್ದರೆ ಅದು ಅವರಿಬ್ಬರದು. ಅದಕ್ಕೆ ಮತದಾರನ ಅಪ್ಪಣೆ ಬೇಕಿಲ್ಲ. ತೊಂದರೆ ಆದದ್ದು ಬೇರೆ ಕಡೆ. ಪಟೇಲರಿಗೆ ಅಂತ ಇಟ್ಟುಕೊಂಡಿದ್ದ ನಗುವನ್ನು ನಾವು ಬಂದವರಿಗೆಲ್ಲ ಹಂಚಿಬಿಟ್ಟೆವು. ಒಪ್ಪಿದ ಸಂಬಂಧಕ್ಕೂ ಅದೇ ನಗು, ಕುರ್ಚಿಯ ದುರುಪಯೋಗಕ್ಕೂ ಅದೇ ನಗು, ಬಲಾತ್ಕಾರದ ದೂರಿಗೂ ಅದೇ ನಗು. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮೇಲೆ ‘ವೈಯಕ್ತಿಕ ವಿಷಯ’ ಅಂತ ಚೀಟಿ ಅಂಟಿಸಿದೆವು.

ಪಕ್ಕದ ಹೊನ್ನಾಳಿ ನೋಡಿ. ಶಾಸಕ ಎಂ.ಪಿ. ರೇಣುಕಾಚಾರ್ಯ ಒಬ್ಬ ನರ್ಸ್ ಜೊತೆಗಿದ್ದ ಫೋಟೋಗಳು ಹೊರಬಿದ್ದು ರಾಜ್ಯವೆಲ್ಲ ಗುಲ್ಲೋ ಗುಲ್ಲು. ಆಕೆ ಕಿರುಕುಳದ ಆರೋಪ ಮಾಡಿದರು. ಆಮೇಲೆ ರೇಣುಕಾಚಾರ್ಯ ಅಬಕಾರಿ ಮಂತ್ರಿಯಾದರು. 2013ರಲ್ಲಿ ಸೋತರು, 2018ರಲ್ಲಿ ಗೆದ್ದರು, 2023ರಲ್ಲಿ ಮತ್ತೆ ಸೋತರು. ಆದರೆ ಜನ ನೆನಪಿಟ್ಟುಕೊಂಡದ್ದು ಯಾವುದನ್ನು? ಫೋಟೋವನ್ನು! ಆಕೆಯ ದೂರು ಏನಿತ್ತು, ಏನಾಯಿತು ಅಂತ ಕೇಳಿ ನೋಡಿ, ಹತ್ತರಲ್ಲಿ ಒಬ್ಬರಾದರೂ ಹೇಳಿದರೆ ನನಗೆ ತಿಳಿಸಿ.

ರಾಜೀನಾಮೆ ಅನ್ನೋ ಇಂಟರ್ವಲ್

2012ರ ಫೆಬ್ರವರಿ ನೆನಪಿದೆಯಾ? ವಿಧಾನಸಭೆ ನಡೆಯುತ್ತಿರುವಾಗಲೇ ಸಹಕಾರ ಮಂತ್ರಿ ಲಕ್ಷ್ಮಣ ಸವದಿ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದದ್ದು ಟಿವಿ ಕ್ಯಾಮೆರಾಕ್ಕೆ ಸಿಕ್ಕಿತು. ಪಕ್ಕದಲ್ಲಿ ಸಿ.ಸಿ. ಪಾಟೀಲ್. ಅವರ ಖಾತೆ ಯಾವುದು ಹೇಳಿ? ಮಹಿಳಾ ಮತ್ತು ಮಕ್ಕಳ ಕಲ್ಯಾಣ! ಈ ಸನ್ನಿವೇಶ ಸಿನಿಮಾದಲ್ಲಿ ಬರೆದಿದ್ದರೆ ‘ಅತಿಯಾಯಿತು’ ಅಂತ ನಿರ್ಮಾಪಕ ಕತ್ತರಿ ಹಾಕಿಸುತ್ತಿದ್ದ. ರೇವ್ ಪಾರ್ಟಿ ಬಗ್ಗೆ ಚರ್ಚೆಗೆ ತಯಾರಿ ಅಂತ ಸವದಿ ಸಮಜಾಯಿಷಿ ಕೊಟ್ಟರು. ಮಾರನೇ ದಿನ, ಫೆಬ್ರವರಿ 8ರಂದು, ಕೃಷ್ಣ ಪಾಲೆಮಾರ್ ಸೇರಿ ಮೂವರೂ ರಾಜೀನಾಮೆ.

ಮುಂದೆ? 2013ರಲ್ಲಿ ಸವದಿ ಅಥಣಿಯಿಂದ ಗೆದ್ದರು. 2018ರಲ್ಲಿ ಸೋತರು. 2019ರ ಆಗಸ್ಟ್‌ನಲ್ಲಿ ಯಾವ ಸದನದ ಸದಸ್ಯರೂ ಅಲ್ಲದಿದ್ದಾಗ ಉಪ ಮುಖ್ಯಮಂತ್ರಿಯಾದರು! ಅದೇ ಸಂಪುಟದಲ್ಲಿ ಸಿ.ಸಿ. ಪಾಟೀಲರೂ ಮಂತ್ರಿ. 2023ರಲ್ಲಿ ಸವದಿ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, ಅಲ್ಲೂ ಗೆದ್ದರು. ಒಬ್ಬ ಪಕ್ಷ ಬದಲಿಸಿದರೆ ಅವನ ಹಳೇ ರೀಲನ್ನೂ ಹೊಸ ಪಕ್ಷ ಸುಟ್ಟುಹಾಕುತ್ತೆ ಅಂತ ಕಾಣುತ್ತೆ. ನಿನ್ನೆ ಬೈದವರು ಇವತ್ತು ಹಾರ ಹಾಕಿದರು, ಅಷ್ಟೇ.

ಅಬಕಾರಿ ಮಂತ್ರಿ ಎಚ್.ವೈ. ಮೇಟಿ 2016ರ ಡಿಸೆಂಬರ್‌ನಲ್ಲಿ ಸಿಡಿ ಬಂದು ರಾಜೀನಾಮೆ ಕೊಟ್ಟರು. ಸಿಐಡಿ ತನಿಖೆಯಲ್ಲಿ ಕ್ಲೀನ್ ಚಿಟ್ ಬಂತು. 2018ರಲ್ಲಿ ಸೋತವರು 2023ರಲ್ಲಿ ಬಾಗಲಕೋಟೆಯಿಂದ ಗೆದ್ದರು. ಜಲಸಂಪನ್ಮೂಲ ಮಂತ್ರಿ ರಮೇಶ್ ಜಾರಕಿಹೊಳಿ 2021ರ ಮಾರ್ಚ್ 3ರಂದು ರಾಜೀನಾಮೆ ಕೊಟ್ಟರು. ಇದು ನನ್ನ ವಿರುದ್ಧ ಸಂಚು ಅಂದರು. ವಿಶೇಷ ತನಿಖಾ ತಂಡ 2022ರಲ್ಲಿ ‘ಬಿ’ ರಿಪೋರ್ಟು ಹಾಕಿತು. 2023ರಲ್ಲಿ ಗೋಕಾಕದ ಜನ ಅವರನ್ನೇ ಆರಿಸಿದರು. 2010ರಲ್ಲಿ ಸ್ನೇಹಿತನ ಪತ್ನಿಯ ಮೇಲಿನ ಅತ್ಯಾಚಾರದ ಆರೋಪದಲ್ಲಿ ರಾಜೀನಾಮೆ ಕೊಟ್ಟ ಹರತಾಳು ಹಾಲಪ್ಪ, ಏಳು ವರ್ಷದ ಮೇಲೆ 2017ರಲ್ಲಿ ನ್ಯಾಯಾಲಯದಲ್ಲಿ ಖುಲಾಸೆಯಾಗಿ 2018ರಲ್ಲಿ ಸಾಗರದಿಂದ ಗೆದ್ದರು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಖುಲಾಸೆ ಅಂದರೆ ಖುಲಾಸೆಯೇ. ನ್ಯಾಯಾಲಯ ಬಿಟ್ಟವರನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನೇಣು ಹಾಕೋ ಅಧಿಕಾರ ನಮಗಿಲ್ಲ. ನನ್ನ ತಕರಾರು ಬೇರೆ. ರಾಜೀನಾಮೆ ಬಿತ್ತು ಅಂದ ತಕ್ಷಣ ‘ಶಿಕ್ಷೆ ಆಯಿತು’ ಅಂತ ಎಲ್ಲರೂ ಎದ್ದು ಹೋಗ್ತಾರೆ. ಟಿವಿಯವರೂ ಹೋಗ್ತಾರೆ. ಆದರೆ ರಾಜೀನಾಮೆ ಶಿಕ್ಷೆಯಲ್ಲ ಸ್ವಾಮೀ, ಇಂಟರ್ವಲ್! ಹೊರಗೆ ಹೋಗಿ ಟೀ ಕುಡಿದು ಬರೋ ಹೊತ್ತು. ಲೈಟ್ ಆರಿದ ಮೇಲೆ ಅದೇ ನಟ ಹೊಸ ಡ್ರೆಸ್ಸಿನಲ್ಲಿ ಬರ್ತಾನೆ. ತನಿಖೆ ಎಲ್ಲಿಗೆ ಬಂತು, ದೂರು ಕೊಟ್ಟ ಹೆಂಗಸು ಏನಾದಳು ಅಂತ ಕೇಳೋಕೆ ಥಿಯೇಟರಿನಲ್ಲಿ ಯಾರೂ ಉಳಿದಿರೋದಿಲ್ಲ.

ಮುಂಚಿತವಾಗಿ ಪರದೆ

ಜಾರಕಿಹೊಳಿ ರಾಜೀನಾಮೆ ಕೊಟ್ಟ ಎರಡೇ ದಿನಕ್ಕೆ ಇನ್ನೊಂದು ಸ್ವಾರಸ್ಯ. ಆರು ಜನ ಮಂತ್ರಿಗಳು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋದರು. ತಮ್ಮ ಮಾನಹಾನಿಯಾಗುವಂಥದ್ದನ್ನು ಮಾಧ್ಯಮಗಳು ಹಾಕಬಾರದು ಅಂತ ತಡೆಯಾಜ್ಞೆ ಕೇಳಿದರು, ಸಿಕ್ಕಿತು. ಆ ಆರರಲ್ಲಿ ಒಬ್ಬರು ಬೈರತಿ ಬಸವರಾಜ್, ಆಗ ನಮ್ಮ ದಾವಣಗೆರೆಯ ಜಿಲ್ಲಾ ಉಸ್ತುವಾರಿ ಮಂತ್ರಿ. ಇನ್ನೊಬ್ಬರು ನಮ್ಮ ಪತ್ರಿಕೆಯ ಓದುಗರಿಗೆ ಹಳೇ ಪರಿಚಯ: ‘ಕೌರವ’ದ ಹೀರೋ ಬಿ.ಸಿ. ಪಾಟೀಲ್! ಅವರ ಮೇಲೆ ಯಾವ ಆರೋಪವೂ ಇರಲಿಲ್ಲ, ಮಾನ ಕಾಪಾಡಿಕೊಳ್ಳೋದು ಅವರ ಹಕ್ಕು. ಆದರೆ ಜನ ಏನಂದುಕೊಂಡರು? ಮಳೆಯೇ ಬಂದಿಲ್ಲ, ಇವರು ಕೊಡೆ ಬಿಡಿಸಿದರಲ್ಲ ಅಂದುಕೊಂಡರು. ಅನುಮಾನ ಹುಟ್ಟೋದಕ್ಕೆ ಅಷ್ಟು ಸಾಕು.

ಎರಡು ವರ್ಷದ ಮೇಲೆ, 2023ರಲ್ಲಿ, ಹಾಸನದ ಸಂಸದ ಪ್ರಜ್ವಲ್ ರೇವಣ್ಣ ಕೂಡ ಇಂಥದೇ ತಡೆಯಾಜ್ಞೆ ತಂದರು. ಈ ಸಲ ಕೊಡೆಯ ಹಿಂದೆ ಮಳೆಯೂ ಇತ್ತು.

ಒಂದು ಸೀರೆ

2024ರ ಏಪ್ರಿಲ್ 26ಕ್ಕೆ ಹಾಸನದಲ್ಲಿ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಬಸ್ ಸ್ಟ್ಯಾಂಡು, ಪಾರ್ಕುಗಳಲ್ಲಿ ಪೆನ್‌ಡ್ರೈವ್‌ಗಳು ಬಿದ್ದಿದ್ದವು. ಮತದಾನ ಮುಗಿಯುತ್ತಿದ್ದ ಹಾಗೆ ಸಂಸದರು ಜರ್ಮನಿಗೆ ಹಾರಿದರು. ನಮ್ಮ ದಾವಣಗೆರೆಯಲ್ಲಿ ಮತದಾನ ಮೇ 7ಕ್ಕೆ ಇತ್ತು. ಆ ಎರಡು ವಾರ ಹರಿಹರದ ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮತ್ರ ಐತಾ? ಕಳಿಸ್ರೀ!’

ಆ ಹೆಂಗಸರು ಯಾರು, ಈಗ ಎಲ್ಲಿದ್ದಾರೆ, ಮನೆಯಲ್ಲಿ ಇಟ್ಟುಕೊಂಡಿದ್ದಾರಾ ಅಂತ ಒಬ್ಬರೂ ಕೇಳಿದ್ದನ್ನು ನಾನು ಕಾಣಲಿಲ್ಲ. ವಿಡಿಯೊಗಳಲ್ಲಿ ಅವರ ಮುಖ ಮರೆಮಾಡಿರಲಿಲ್ಲ. ಹಂಚಿದವರಿಗೆ ಚುನಾವಣೆ ಗೆಲ್ಲೋದು ಬೇಕಿತ್ತು, ನೋಡಿದವರಿಗೆ ಮಜಾ ಬೇಕಿತ್ತು. ಮಾಡಿದವನು ವಿಮಾನ ಹತ್ತಿದ. ಊರು ಬಿಟ್ಟು ಹೋಗಬೇಕಾಗಿ ಬಂದದ್ದು, ಮುಖ ಮುಚ್ಚಿಕೊಳ್ಳಬೇಕಾಗಿ ಬಂದದ್ದು ಆ ಹೆಣ್ಣುಮಕ್ಕಳಿಗೆ. ಇಂಥ ವಿಡಿಯೊ ಹಂಚೋದು ಅಪರಾಧ ಅಂತ ತನಿಖಾ ತಂಡವೇ ಎಚ್ಚರಿಕೆ ಕೊಡಬೇಕಾಯಿತು.

ಈಗ ಕೊನೇ ರೀಲಿನ ವಿಷಯ. ಹಾಸನದ ಜನ ಆ ಅಭ್ಯರ್ಥಿಯನ್ನು 42 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮೇ 31ಕ್ಕೆ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಬಂಧನ. 2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅತ್ಯಾಚಾರದ ಒಂದು ಪ್ರಕರಣದಲ್ಲಿ ಅಪರಾಧಿ ಅಂತ ತೀರ್ಪು ಕೊಟ್ಟಿತು. ಮಾರನೇ ದಿನ ಶಿಕ್ಷೆ: ಬದುಕಿರುವವರೆಗೂ ಜೈಲು. ಮಾಜಿ ಪ್ರಧಾನಿಯ ಮೊಮ್ಮಗ! ಶಿಕ್ಷೆಯ ವಿರುದ್ಧ ಅವರು ಹೈಕೋರ್ಟಿಗೆ ಹೋಗಿದ್ದಾರೆ. ಅದು ಕಾನೂನು ಕೊಟ್ಟ ದಾರಿ.

ಇದನ್ನು ಮಾಡಿದ್ದು ಯಾರು? ಪೆನ್‌ಡ್ರೈವ್ ಹಂಚಿದವರಲ್ಲ. ಸ್ಟುಡಿಯೋದಲ್ಲಿ ಕೂತು ಕೂಗಿದವರಲ್ಲ. ಅವರ ಮನೆತನದ ತೋಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಆಕೆ ದೂರು ಕೊಟ್ಟಳು, ನ್ಯಾಯಾಲಯದಲ್ಲಿ ನಿಂತು ಹೇಳಿದಳು, ಹೇಳಿದ್ದನ್ನು ಬದಲಿಸಲಿಲ್ಲ. ಆ ದಿನ ಉಟ್ಟಿದ್ದ ಸೀರೆ ಉಳಿದಿತ್ತು. ಅದರ ಪ್ರಯೋಗಾಲಯದ ಪರೀಕ್ಷೆ ಆಕೆಯ ಮಾತಿಗೆ ಸಾಕ್ಷಿಯಾಯಿತು. ಬಂದೂಕಿಲ್ಲ, ಡೈಲಾಗಿಲ್ಲ, ಡಬಲ್ ಆಕ್ಟಿಂಗ್ ಇಲ್ಲ. ಮನೆಗೆಲಸದಾಕೆಯ ಒಂದು ಹಳೇ ಸೀರೆ. ಹೀರೋನ ದಾರಿ ನೋಡುತ್ತಿದ್ದ ನಾವು ಆಕೆ ಪಕ್ಕದಲ್ಲೇ ಹಾದುಹೋದರೂ ಗಮನಿಸಲಿಲ್ಲ.

ಮೂರು ಪ್ರಶ್ನೆ

ಇಷ್ಟು ಹೇಳಿದ ಮೇಲೂ ‘ಅದೊಂದೇ ಕೇಸು ಬಿಡ್ರೀ’ ಅನ್ನಬಹುದು. ಒಪ್ಪಿದೆ, ಒಂದೇ. ಆದರೆ ‘ಏನೂ ಆಗಲ್ಲ’ ಅನ್ನೋ ಮಾತನ್ನು ಸುಳ್ಳು ಮಾಡೋಕೆ ಒಂದು ಸಾಕು.

ನಾನು ಕಾನೂನು ಓದಿದವನಲ್ಲ, ಆದರೂ ಇಷ್ಟು ಗೊತ್ತು. ಆರೋಪ ಬಂದ ಮಾತ್ರಕ್ಕೆ ಯಾರ ಸ್ಥಾನವೂ ಹೋಗೋದಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಆದರೆ, 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಆ ಕ್ಷಣವೇ ಸ್ಥಾನ ಹೋಗುತ್ತೆ. ನಡುವಿನ ಖಾಲಿ ಜಾಗ ಇದೆಯಲ್ಲ, ಆರೋಪದಿಂದ ತೀರ್ಪಿನವರೆಗೆ, ಅದರ ಕೀಲಿಕೈ ಇರೋದು ಟಿಕೆಟ್ ಕೊಡೋ ಪಕ್ಷದ ಹತ್ತಿರ ಮತ್ತು ಓಟು ಹಾಕೋ ನಮ್ಮ ಹತ್ತಿರ. ಅಭ್ಯರ್ಥಿ ತನ್ನ ಮೇಲಿನ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಲೇಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಕ್ಲಿಪ್ಪು ಹುಡುಕುವ ಅರ್ಧ ಶ್ರದ್ಧೆ ಅದನ್ನು ಹುಡುಕೋದರಲ್ಲಿ ತೋರಿಸಿದ್ದರೆ?

ಮುಂದಿನ ಸಲ ಇಂಥ ಸುದ್ದಿ ಬಂದಾಗ, ಬರುತ್ತೆ ಬಿಡಿ, ನಗೋದಕ್ಕೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಹೆಣ್ಣಿಗೆ ಒಪ್ಪಿಗೆ ಇತ್ತಾ? ಅವನು ಕುರ್ಚಿಯನ್ನು ಬಳಸಿಕೊಂಡನಾ? ದೂರು ಕೊಟ್ಟಿದ್ದರೆ ಅದು ಎಲ್ಲಿಗೆ ಬಂತು? ಮೊದಲನೆಯದಕ್ಕೆ ‘ಹೌದು’, ಎರಡನೆಯದಕ್ಕೆ ‘ಇಲ್ಲ’ ಅಂತ ಉತ್ತರ ಬಂದರೆ ಬಿಟ್ಟುಬಿಡಿ, ಅದು ಅವರವರ ಮನೆ ವಿಷಯ. ಇಲ್ಲದಿದ್ದರೆ ಅದು ನಮ್ಮ ಮನೆ ವಿಷಯ. ಮೂರನೇ ಪ್ರಶ್ನೆಯನ್ನು ಓಟು ಕೇಳೋಕೆ ಬಂದವರ ಮುಖಕ್ಕೇ ಕೇಳಿ.

ಇನ್ನು ‘ನಿಮ್ಮತ್ರ ಐತಾ?’ ಅಂತ ಯಾರಾದರೂ ಕೇಳಿದರೆ ‘ಇಲ್ಲ, ನೀನೂ ಅಳಿಸು ಮಾರಾಯಾ’ ಅನ್ನಿ. ಅದರಲ್ಲಿರೋದು ಯಾರದೋ ಅಕ್ಕ, ಯಾರದೋ ತಾಯಿ. ಅವರಲ್ಲಿ ಒಬ್ಬಳು ನಾಳೆ ಸಾಕ್ಷಿಕಟ್ಟೆ ಹತ್ತಬೇಕಾಗಿರಬಹುದು. ಆಕೆ ಅಲ್ಲಿ ತಲೆಯೆತ್ತಿ ನಿಲ್ಲೋಕಾದರೂ ನಾವು ಬಿಡಬೇಕಲ್ಲವೇ?