ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟಿದ್ದೀರಾ? ಮೊದಲು ಪಾಲಿಸಿ ಏನು ಕೊಡಲ್ಲ ಅನ್ನೋದನ್ನ ಓದಿ

ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಯಾದಗಿರಿಯ ಕೋಟೆ, ಸುರಪುರದ ಸುತ್ತಲಿನ ಗುಡ್ಡಗಳು. ನಮ್ಮ ಭಾಗದಲ್ಲಿ ಬೆಳೆದವರಿಗೆ ಬಂಡೆ ಹತ್ತೋದು ಹೊಸದೇನಲ್ಲ, ಅದಕ್ಕೆ ‘ಅಡ್ವೆಂಚರ್’ ಅನ್ನೋ ಹೆಸರಿರಲಿಲ್ಲ ಅಷ್ಟೆ. ಈಗ ಇದೇ ಊರುಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೋದವರು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ, ತಾಂಜಾನಿಯಾದ ಕಿಲಿಮಂಜಾರೋಗೆ ಹೊರಡುತ್ತಿದ್ದಾರೆ. ಹೊರಡೋ ವಾರ ಫೋನ್ ಬರುತ್ತದೆ: “ಅಣ್ಣಾ, ಯಾವ ಇನ್ಶೂರೆನ್ಸ್ ತಗೊಳ್ಳಲಿ?”

ನಾನು ಎಂಜಿನಿಯರಿಂಗ್ ಓದಿದವನು. ಯಾವುದೇ ಯಂತ್ರ ನೋಡಿದರೂ ಅದು ಎಲ್ಲಿ ಕೈಕೊಡುತ್ತದೆ ಅಂತ ಮೊದಲು ಹುಡುಕೋ ಚಟ ಇನ್ನೂ ಬಿಟ್ಟಿಲ್ಲ. ಪಾಲಿಸಿಯನ್ನೂ ಹಾಗೇ ಓದಬೇಕು. ಏನು ಕೊಡುತ್ತೇವೆ ಅನ್ನೋದು ಜಾಹೀರಾತಿನಲ್ಲೇ ಇರುತ್ತದೆ. ಏನು ಕೊಡುವುದಿಲ್ಲ ಅನ್ನೋದು ಒಳಗಿನ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದು ಅಲ್ಲಿಂದ ಶುರುವಾಗಬೇಕು.

ಚಾರಣವೋ, ಪರ್ವತಾರೋಹಣವೋ?

ವಿಮಾನದ ಟಿಕೆಟ್ ಜೊತೆಗೆ ಒಂದು ಟಿಕ್ ಹಾಕಿ ಕೊಳ್ಳುವ ಸಾಮಾನ್ಯ ಪ್ರವಾಸ ವಿಮೆ, ಲಗೇಜ್ ಕಳೆದರೆ, ಹೋಟೆಲ್‌ನಲ್ಲಿ ಜ್ವರ ಬಂದರೆ ಉಪಯೋಗಕ್ಕೆ ಬರುತ್ತದೆ. ಇಂಥ ಬಹುತೇಕ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ. ಕೆಲವದರಲ್ಲಿ ಹೆಚ್ಚಿನ ಪ್ರೀಮಿಯಂ ಕಟ್ಟಿ ಅದನ್ನು ಒಳಗೆ ಸೇರಿಸಿಕೊಳ್ಳಬಹುದು. ಆದರೆ ‘ಅಡ್ವೆಂಚರ್ ಕವರ್’ ಅಂತ ಬರೆದಿದೆ ಅಂದ ಮಾತ್ರಕ್ಕೆ ನಿಮ್ಮ ಬೆಟ್ಟ ಅದರಲ್ಲಿದೆ ಅಂತಲ್ಲ.

ಇಲ್ಲಿ ಎರಡು ಗೆರೆಗಳಿವೆ. ಮೊದಲನೆಯದು ಸಾಧನದ್ದು. ಕಾಲುದಾರಿಯಲ್ಲಿ ನಡೆದರೆ ಅದು ಚಾರಣ. ಹಗ್ಗ, ಐಸ್ ಆಕ್ಸ್, ಕ್ರ್ಯಾಂಪಾನ್ ಬಳಸಿದರೆ ಪರ್ವತಾರೋಹಣ. ಎಷ್ಟೋ ಪಾಲಿಸಿಗಳು ಮೊದಲನೆಯದಕ್ಕೆ ಹೂಂ ಅಂದು ಎರಡನೆಯದಕ್ಕೆ ಊಹೂಂ ಅನ್ನುತ್ತವೆ. ಬಾದಾಮಿಯ ಬಂಡೆಗಳಲ್ಲಿ ಹಗ್ಗ ಹಾಕಿ ಹತ್ತಿ ಕಲಿತವರು ವಿದೇಶದಲ್ಲೂ ಅದನ್ನೇ ಮಾಡೋಕೆ ಹೋಗುವುದಾದರೆ, ‘ರಾಕ್ ಕ್ಲೈಂಬಿಂಗ್’ ಅನ್ನೋ ಪದ ಪಾಲಿಸಿಯಲ್ಲಿ ಹೆಸರು ಹಿಡಿದು ಬಂದಿದೆಯಾ ನೋಡಬೇಕು.

ಎರಡನೆಯ ಗೆರೆ ಎತ್ತರದ್ದು. ಯಾದಗಿರಿ ಊರು ಸಮುದ್ರಮಟ್ಟದಿಂದ 400 ಮೀಟರ್ ಎತ್ತರದಲ್ಲೂ ಇಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಎವರೆಸ್ಟ್ ಬೇಸ್ ಕ್ಯಾಂಪ್ ಇರೋದು 5,364 ಮೀಟರ್‌ನಲ್ಲಿ, ಕಿಲಿಮಂಜಾರೋ ತುದಿ 5,895 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ನಮ್ಮೂರಿನದರ ಸುಮಾರು ಅರ್ಧ. ನಿಮ್ಮ ಪಾಲಿಸಿಯ ಮಿತಿ 4,500 ಮೀಟರ್ ಅಂತಿದ್ದರೆ, ಅಪಾಯ ಶುರುವಾಗೋ ಹೊತ್ತಿಗೆ ಪಾಲಿಸಿ ಮುಗಿದಿರುತ್ತದೆ. ಹೋಗೋ ದಾರಿಯ ಅತಿ ಎತ್ತರದ ಜಾಗ ಯಾವುದು ಅಂತ ಆಯೋಜಕರನ್ನು ಕೇಳಿ, ಅದಕ್ಕಿಂತ ಹೆಚ್ಚಿನ ಮಿತಿ ಇರೋ ಪಾಲಿಸಿಯನ್ನೇ ತಗೊಳ್ಳಿ.

ಹೆಲಿಕಾಪ್ಟರ್ ಬಿಲ್ ಯಾರದ್ದು?

ಎತ್ತರದ ಕಾಯಿಲೆ ಶ್ವಾಸಕೋಶಕ್ಕೋ ಮಿದುಳಿಗೋ ಏರಿದರೆ ಮೊದಲ ಔಷಧ ಕೆಳಗಿಳಿಯೋದು. ನಡೆಯೋಕೆ ಆಗದಿದ್ದರೆ ಹೆಲಿಕಾಪ್ಟರ್ ಬೇಕು. ನೇಪಾಳದಲ್ಲಿ ಅದಕ್ಕೆ ಕೆಲವು ಸಾವಿರ ಡಾಲರ್, ಅಂದ್ರೆ ಲಕ್ಷಗಟ್ಟಲೆ ರೂಪಾಯಿ ಆಗುತ್ತದೆ. ದುಡ್ಡು ಯಾರು ಕಟ್ಟುತ್ತಾರೆ ಅನ್ನೋ ಖಾತ್ರಿ ಸಿಕ್ಕ ಮೇಲೇ ಅದು ಹಾರೋದು.

ಪಾಲಿಸಿಯಲ್ಲಿ ಮೂರು ಬೇರೆ ಬೇರೆ ಪದಗಳಿರುತ್ತವೆ. ಕಳೆದುಹೋದವರನ್ನು ಹುಡುಕಿ ಪಾರುಮಾಡುವುದು ಒಂದು. ಕಾಯಿಲೆಯವರನ್ನು ಬೆಟ್ಟದಿಂದ ಆಸ್ಪತ್ರೆಗೆ ಸಾಗಿಸುವುದು ಇನ್ನೊಂದು. ರೋಗಿಯನ್ನೋ ಶವವನ್ನೋ ಭಾರತಕ್ಕೆ ತರುವುದು ಮೂರನೆಯದು. ಒಂದಿದ್ದರೆ ಇನ್ನೊಂದು ಇದೆ ಅಂತ ಅಂದುಕೊಳ್ಳಬೇಡಿ. ಪ್ರತಿಯೊಂದಕ್ಕೂ ಎಷ್ಟು ಮೊತ್ತ ಅಂತ ಬಿಡಿಸಿ ನೋಡಿ. ‘ರೆಸ್ಕ್ಯೂ ಸದಸ್ಯತ್ವ’ ಮಾರೋ ಕಂಪನಿಗಳೂ ಇವೆ. ಅವು ಕೆಳಗೆ ಇಳಿಸುತ್ತವೆ, ಆಸ್ಪತ್ರೆ ಬಿಲ್ ಕಟ್ಟೋದು ಅವುಗಳ ಕೆಲಸ ಅಲ್ಲ.

ಬಹಳ ಪಾಲಿಸಿಗಳಲ್ಲಿ ಹೆಲಿಕಾಪ್ಟರ್ ಕರೆಯೋ ಮುಂಚೆ ವಿಮಾ ಕಂಪನಿಯ ಸಹಾಯವಾಣಿಯ ಒಪ್ಪಿಗೆ ಬೇಕು. ಇದಕ್ಕೆ ಹಿನ್ನೆಲೆ ಇದೆ. 2018ರಲ್ಲಿ ನೇಪಾಳ ಸರ್ಕಾರವೇ ತನಿಖೆಗೆ ಇಳಿಯಬೇಕಾದಷ್ಟು ದೊಡ್ಡ ಹಗರಣ ಹೊರಬಂತು. ಸಣ್ಣ ತಲೆನೋವಿಗೂ ಚಾರಣಿಗರನ್ನು ಹೆದರಿಸಿ ಹೆಲಿಕಾಪ್ಟರ್ ಹತ್ತಿಸಿ, ಒಂದೇ ಹಾರಾಟಕ್ಕೆ ಹಲವು ಬಿಲ್ ಮಾಡೋ ದಂಧೆ ಅದು. ಹಾಗಾಗಿ ವೈದ್ಯರ ಚೀಟಿ, ಬಿಲ್, ಫೋಟೊ, ಕರೆ ಮಾಡಿದ ಸಮಯ ಎಲ್ಲವನ್ನೂ ಜೋಪಾನ ಮಾಡಿ.

ಸಹಾಯವಾಣಿ ನಂಬರ್ ಮತ್ತು ಪಾಲಿಸಿ ಪ್ರತಿ ನಿಮ್ಮ ಫೋನಿನಲ್ಲಷ್ಟೇ ಇದ್ದರೆ ಸಾಲದು. ಊರಲ್ಲಿರೋ ಅಪ್ಪ-ಅವ್ವಗೆ ಇಂಗ್ಲಿಷ್‌ನಲ್ಲಿ ಕಾಲ್‌ಸೆಂಟರ್ ಜೊತೆ ಜಗಳ ಆಡೋಕೆ ಆಗದಿದ್ದರೆ, ಆಡಬಲ್ಲ ಒಬ್ಬ ಗೆಳೆಯನಿಗೂ ಕೊಟ್ಟು ಹೋಗಿ.

ಮುಚ್ಚಿಟ್ಟರೆ ಅವರಿಗೇ ಲಾಭ

ಬಿಪಿ, ಶುಗರ್, ಅಸ್ತಮಾ ಇದ್ದರೆ ಫಾರ್ಮ್‌ನಲ್ಲಿ ಬರೆಯಿರಿ. ಪ್ರೀಮಿಯಂ ಸ್ವಲ್ಪ ಏರಬಹುದು. ಬರೆಯದಿದ್ದರೆ ಕ್ಲೇಮ್ ತಳ್ಳಿಹಾಕೋಕೆ ನೀವೇ ಕಾರಣ ಬರೆದುಕೊಟ್ಟ ಹಾಗೆ. ಕುಡಿದಿದ್ದಾಗ ಆದ ಅಪಘಾತಕ್ಕೂ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ದಿನಾಂಕವನ್ನು ಮೂರ್ನಾಲ್ಕು ದಿನ ಹೆಚ್ಚಿಗೆ ಹಾಕಿಸಿ, ಲುಕ್ಲಾದಲ್ಲಿ ಮೋಡ ಕವಿದರೆ ವಿಮಾನ ದಿನಗಟ್ಟಲೆ ಹಾರಲ್ಲ. ಭಾರತ ಬಿಡೋ ಮುಂಚೆಯೇ ಪಾಲಿಸಿ ಕೊಳ್ಳಿ. ನೇಪಾಳಕ್ಕೆ ನಾವು ವೋಟರ್ ಐಡಿ ಹಿಡಿದೂ ಹೋಗಬಹುದು ನಿಜ, ಆದರೆ ವಿಮಾ ಫಾರ್ಮ್ ಪಾಸ್‌ಪೋರ್ಟ್ ನಂಬರ್ ಕೇಳುತ್ತದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಕ್ಲೇಮ್ ತಿರಸ್ಕಾರ ಆದರೆ ಅಲ್ಲಿಗೇ ಕೈಚೆಲ್ಲಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಐಆರ್‌ಡಿಎಐನ ಸಹಾಯವಾಣಿ 155255.

ಹೊರೆ ಹೊರುವವರ ವಿಮೆ

ಜೂನ್ 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ಸತ್ತರು. ಆಗ ವಾಯುಪಡೆಯ ಹೆಲಿಕಾಪ್ಟರ್ ಹಾರಿತು, ರಾಜ್ಯದ ಸಚಿವರೇ ಡೆಹ್ರಾಡೂನ್‌ಗೆ ಹೋದರು. ಬೇರೆ ದೇಶದ ಬೆಟ್ಟದಲ್ಲಿ ನಿಮಗಾಗಿ ಅಷ್ಟು ಬೇಗ ಬರೋ ಸರ್ಕಾರ ಇರಲ್ಲ. ಅದಕ್ಕೇ ವಿಮೆ ಬೇಕು.

ಆದರೆ ನಿಮ್ಮ ಚೀಲ ಹೊರೋ ಮನುಷ್ಯನಿಗೂ ಅದು ಬೇಕಲ್ಲವಾ? 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಹಿಮಪಾತದಲ್ಲಿ 16 ನೇಪಾಳಿ ಕಾರ್ಮಿಕರು ಸತ್ತಾಗ ಅಲ್ಲಿನ ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆಲಸ ನಿಲ್ಲಿಸಿ ಹೋರಾಡಿದ ಮೇಲೆ ವಿಮಾ ಮೊತ್ತ ಏರಿತು. ಬುಕ್ ಮಾಡೋ ಮುಂಚೆ ಆಯೋಜಕರಿಗೆ ಒಂದು ಪ್ರಶ್ನೆ ಹಾಕಿ: ಪೋರ್ಟರ್‌ಗೆ ಎಷ್ಟರ ವಿಮೆ ಇದೆ, ಅವನನ್ನೂ ಹೆಲಿಕಾಪ್ಟರ್‌ನಲ್ಲಿ ಇಳಿಸ್ತೀರಾ? ತಡವರಿಸಿದರೆ ಬೇರೆಯವರನ್ನು ಹುಡುಕಿ.

ನಮ್ಮ ಜಿಲ್ಲೆಯವರಿಗೆ ಇದು ದೂರದ ಕಥೆ ಅಲ್ಲ. ಯಾದಗಿರಿಯಿಂದ ಗುಳೆ ಹೋದವರು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಸಾರುವೆ ಮೇಲೆ ದಿನಾ ಹತ್ತಿ ಇಳಿಯುತ್ತಾರೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಬಂದಿತ್ತು, ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ವಸೂಲಾಗುತ್ತದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಹೆಸರು ನೋಂದಾಯಿಸಬಹುದು. ಹತ್ತನೇ ತರಗತಿ ಮುಗಿಸದೆ ಗಲ್ಫ್‌ಗೆ ದುಡಿಯಲು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 10 ಲಕ್ಷ. ಈ ಮಾಹಿತಿ ಹಳ್ಳಿಗೆ ತಲುಪಿಸೋ ಕೆಲಸ ಸರ್ಕಾರದ್ದೇ, ಅದನ್ನು ಕೇಳಿ ಮಾಡಿಸಬೇಕಾದವರು ನಾವು.

ನಿಮ್ಮ ಪಾಲಿಸಿಯ ಎತ್ತರದ ಮಿತಿಯನ್ನು ಇವತ್ತೇ ನೋಡಿ. ಹಾಗೇ ಊರಿಗೆ ಫೋನ್ ಮಾಡಿ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಗುಳೆ ಹೋದವರ ಲೇಬರ್ ಕಾರ್ಡ್ ನವೀಕರಣ ಆಗಿದೆಯಾ ಅಂತಲೂ ಕೇಳಿ.